ಕೆಂಪು ವೈರು, ಕಪ್ಪು ವೈರು

ಅಕ್ಕನ ರಿಪೇರಿ ಅಂಗಡಿಗೆ ತಪ್ಪು ಅನ್ನುವುದು ಯಾವಾಗಲೂ ಹೊರಗಿನಿಂದಲೇ ಬರಬೇಕಿತ್ತು. ರೇಡಿಯೋ ಕೆಟ್ಟರೆ ಕಂಪನಿಯವರ ತಪ್ಪು, ಆಂಪ್ಲಿಫೈಯರ್ ಸುಟ್ಟರೆ ಕರೆಂಟಿನವರ ತಪ್ಪು, ಇಲ್ಲಿಂದ ಸರಿಹೋಗಿ ಹೋದ ಮಾಲು ವಾರದೊಳಗೆ ತಿರುಗಿ ಬಂದರೆ ಹೊತ್ತೊಯ್ದವನ ಕೈಯ ತಪ್ಪು. ಹಾಗಂತ ಅವಳು ಸುಳ್ಳು ಹೇಳುವವಳಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಅವಳ ಮಾತೇ ಸರಿಯಿರುತ್ತಿತ್ತು. ಬಂದ ತೊಂದರೆಯೇ ಅದು. ಸದಾ ಸರಿಯಿರುವವರ ಜೊತೆ ಬಾಳುವುದು ಎಂಥ ಕಷ್ಟ ಅಂತ ಬಾಳಿದವರನ್ನೇ ಕೇಳಬೇಕು. ಬೀದಿಯವರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ನಿಜವಾಗಿ ಅಕ್ಕ ಅನ್ನುವ ಹಕ್ಕಿದ್ದ ಅವಳ ಒಬ್ಬನೇ ತಮ್ಮ ಮಾತ್ರ, ಅವಳು ಕೇಳಿಸಿಕೊಳ್ಳುವಷ್ಟು ದೂರದಲ್ಲೇ ನಿಂತು, ಹೈಕೋರ್ಟು ಅನ್ನುತ್ತಿದ್ದ.

ಆ ತಮ್ಮ ಹೋಗಿ ಏಳು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬಾಗಿಲ ಹತ್ತಿರ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಮೂವತ್ತಮೂರು ವರ್ಷ. ಅಪ್ಪ ಅಮ್ಮ ಇಬ್ಬರೂ ಬೇಗ ಕಣ್ಣು ಮುಚ್ಚಿದ್ದರಿಂದ ಅವನ ಮೂಗು ಒರೆಸಿ, ಸ್ಕೂಲಿಗೆ ಕಳಿಸಿ, ಕೈಗೆ ಮೊದಲ ಗಿಟಾರು ಕೊಟ್ಟವಳು ಅಕ್ಕನೇ. ಅವನು ಹೋದ ಮೇಲೆ ಅವಳು ಒಂದೇ ಮಾತನ್ನು ಹಿಡಿದುಕೊಂಡು ದಿನ ನೂಕುತ್ತಿದ್ದಳು: ಬೈದಿದ್ದೀನಿ, ಗದರಿದ್ದೀನಿ, ಆದರೆ ಅವನಿಗೆ ಮಾಡಿಕೊಟ್ಟ ಕೆಲಸದಲ್ಲಿ ಮಾತ್ರ ಒಂದು ಕೂದಲಷ್ಟು ಕೊರತೆ ಮಾಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲಂಬು ಬಂದ. ತಮ್ಮನ ತಂಡದಲ್ಲಿ ಬಾಸ್ ಗಿಟಾರು ನುಡಿಸುವವನು, ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸದೆ ಒಳಗೆ ಬರಲಾರದವನು. ಹೆಗಲಲ್ಲಿದ್ದ ಚೀಲವನ್ನು ನೋಡಿದ ಕೂಡಲೇ ಅದು ಯಾರದ್ದು ಅಂತ ಅಕ್ಕನಿಗೆ ತಿಳಿಯಿತು. ಮುಖ ಬಿಗಿಯಾಗಿಯೇ ಇತ್ತು.

"ಅಕ್ಕಾ, ಇದು ಉಸಿರೇ ಬಿಡ್ತಿಲ್ಲ. ಭಾನುವಾರ ಅವನ ನೆನಪಿಗೆ ಅಂತ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ. ನಾನೇ ಇದನ್ನ ನುಡಿಸೋಣ ಅಂತ. ಸ್ಟ್ಯಾಂಡಿಂದ ಒಂದ್ಸಲ ಬಿತ್ತು, ಅವತ್ತಿಂದ ಸತ್ತಂಗಿದೆ…" ಅಂದವನೇ ನಾಲಿಗೆ ಕಚ್ಚಿಕೊಂಡ.

"ಆ ಪದ ನಾನೇನು ಕೇಳಿಲ್ಲದ್ದಲ್ಲ. ಇಡು ಇಲ್ಲಿ."

ಅಕ್ಕ ಗಿಟಾರನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿದಳು. ತೋಳು ಊರುವ ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. ತಂತಿಗಳ ಕೆಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಲೋಹದ ಡಬ್ಬಿ: ಪಿಕಪ್ಪು. ತಂತಿಯ ನಡುಕವನ್ನು ಹಿಡಿದು ಆಂಪಿಗೆ ಕಳಿಸುವುದು ಅದೇ. ಇದು ಹಂಬಕರ್ ಅನ್ನುವ ಜಾತಿಯದ್ದು, ಒಳಗೆ ಎರಡು ಕಾಯಿಲುಗಳು, ಅಂದರೆ ಕೂದಲೆಳೆ ವೈರಿನ ಸುರುಳಿಗಳು. ಎರಡನ್ನೂ ಸರಿಯಾಗಿ ಜೋಡಿಸಿದರೆ ತಂತಿಯ ಧ್ವನಿ ಇಮ್ಮಡಿಯಾಗುತ್ತದೆ, ಒಂದು ಹಿಡಿಯುವ ಕರೆಂಟಿನ ಗುಂಯ್ ಅನ್ನುವ ಸದ್ದನ್ನು ಇನ್ನೊಂದು ನುಂಗಿಹಾಕುತ್ತದೆ. ನಾಲ್ಕು ವರ್ಷದ ಹಿಂದೆ ಯಾರೋ ಬಳಸಿ ಬಿಟ್ಟಿದ್ದ ಈ ಪಿಕಪ್ಪನ್ನು ತಮ್ಮ ತಂದಿದ್ದ, ಜೊತೆಗೆ ಕಾಗದ ಗೀಗದ ಏನೂ ಇರಲಿಲ್ಲ. ಕೂರಿಸಿ ಬೆಸೆದುಕೊಟ್ಟವಳು ಅಕ್ಕ.

ಆಂಪಿನ ವೈರು ಸಿಕ್ಕಿಸುವ ತೂತಿಗೆ ಮೀಟರು ಹಿಡಿದು ನೋಡಿದಳು. ಪಿಕಪ್ಪಿನ ಕಾಯಿಲು ಒಳಗೆಲ್ಲೋ ಹರಿದಿತ್ತು. "ಇದು ಕೈಬಿಡ್ತು. ಹೊಸದು ತಂದಿದೀಯಾ?"

ತಂದಿದ್ದ. ಅದೇ ಕಂಪನಿ, ಅದೇ ಮಾದರಿ, ಪೆಟ್ಟಿಗೆ ಕೂಡ ಒಡೆದಿರಲಿಲ್ಲ. ಒಳಗೆ ನಾಲ್ಕು ಮಡಿಕೆಯ ಒಂದು ಕಾಗದ. ಅಕ್ಕ ಕನ್ನಡಕ ಏರಿಸಿ ಓದಿದಳು, ನಕ್ಕಳು.

"ಅಚ್ಚು ಹಾಕಿದವನಿಗೆ ಕಣ್ಣಿರಲಿಲ್ಲ ಅಂತ ಕಾಣತ್ತೆ. ಕೆಂಪು ವೈರನ್ನ ವಾಲ್ಯೂಮಿಗೆ ಕೊಡ್ಬೇಕಂತೆ, ಕಪ್ಪು ಬಿಳಿ ಎರಡನ್ನೂ ಸೇರಿಸ್ಬೇಕಂತೆ. ನಿಜಕ್ಕೆ ಕಪ್ಪು ವಾಲ್ಯೂಮಿಗೆ, ಕೆಂಪು ಬಿಳಿ ಸೇರಿಸೋದು, ಹಸಿರು ಅರ್ತಿಂಗಿಗೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

ಲಂಬು ಸ್ಟೂಲಿನ ಮೇಲೆ ಕೂತು ತನ್ನ ಮಂಡಿಗಳನ್ನು ನೋಡಿಕೊಳ್ಳುತ್ತಿದ್ದ.

ಆದರೂ ಹೊಸ ಮಾಲು, ಅದೂ ಪರರದ್ದು. ಹೊರಗಿನವರ ಯಾವ ಕೆಲಸವನ್ನೂ ಮೂರು ಸಲ ಪರೀಕ್ಷಿಸದೆ ಅಕ್ಕ ಬೆಸುಗೆ ಹಚ್ಚುವವಳಲ್ಲ. ಮುಳ್ಳಿನ ಹಳೇ ಮೀಟರು ಇಳಿಸಿದಳು. ಒಂದೊಂದು ಕಾಯಿಲಿನ ಎರಡು ತುದಿಗೆ ಮೀಟರಿನ ಕಡ್ಡಿ ಹಚ್ಚಿ, ಮೇಲೆ ಸ್ಕ್ರೂಡ್ರೈವರ್ ತಾಗಿಸಿ ಫಕ್ಕನೆ ಎತ್ತಿದರೆ ಮುಳ್ಳು ಒಂದು ಕಡೆ ಎಗರುತ್ತದೆ. ಜೋಡಣೆ ಸರಿಯಿದ್ದರೆ ಎರಡು ಕಾಯಿಲಿಗೂ ಮುಳ್ಳು ಒಂದೇ ಕಡೆ ಎಗರಬೇಕು. ತನಗೆ ಬಾಯಿಪಾಠವಿದ್ದ ಕ್ರಮದಲ್ಲಿ ಹಚ್ಚಿದಳು. ಒಂದು ಎಡಕ್ಕೆ ಎಗರಿತು, ಇನ್ನೊಂದು ಬಲಕ್ಕೆ. ಕಡ್ಡಿ ಜಾರಿರಬೇಕು ಅಂದುಕೊಂಡು ಮತ್ತೆ ಹಚ್ಚಿದಳು. ಎಡ, ಬಲ. ಕಾಗದದಲ್ಲಿದ್ದಂತೆ ಕೆಂಪು ಕಪ್ಪನ್ನು ಅದಲು ಬದಲು ಮಾಡಿದಳು. ಬಲ, ಬಲ.

ಬಣ್ಣದ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಗಿರಾಕಿಗಳಿಗೆ ಅವಳೇ ಪಾಠ ಹೇಳುತ್ತಿದ್ದ ಮಾತು. ಹಾಗಾದರೆ ನಾಲ್ಕು ವರ್ಷದ ಹಿಂದೆ?

ಅಕ್ಕ ಗಿಟಾರಿನ ಹಿಂದಿನ ಮುಚ್ಚಳ ಬಿಚ್ಚಿದಳು. ಬೆಸೆದ ವೈರಿನ ಮೇಲೆ ಹಳದಿ ಸ್ಲೀವು ಹಾಕುವುದು ಈ ಸುತ್ತಿನಲ್ಲಿ ಅವಳೊಬ್ಬಳೇ. ಅದರೊಳಗೆ ಕೆಂಪೂ ಬಿಳಿಯೂ ಒಂದಾಗಿದ್ದವು, ಕಪ್ಪು ಹೋಗಿ ವಾಲ್ಯೂಮಿಗೆ ಕೂತಿತ್ತು. ಬೆಸುಗೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅಷ್ಟು ಚೆಂದವಾಗಿ, ಅಷ್ಟು ಗಟ್ಟಿಯಾಗಿ ಅವಳು ತಪ್ಪು ಮಾಡಿದ್ದಳು. ಅವತ್ತು ಮೀಟರು ಹಚ್ಚಿರಲಿಲ್ಲ. ಮನೆ ಹುಡುಗನದ್ದು ತಾನೇ, ಅದಕ್ಕೇನು ಪರೀಕ್ಷೆ ಅಂದುಕೊಂಡಿದ್ದಳು.

ಅವತ್ತು ಸಂಜೆಯೇ ತಮ್ಮ ತಿರುಗಿ ಬಂದಿದ್ದ. "ಅಕ್ಕಾ, ಧ್ವನಿ ತೆಳ್ಳಗೆ ಬರ್ತಿದೆ, ಮೂಗಲ್ಲಿ ಮಾತಾಡಿದ ಹಾಗೆ. ಗುಂಯ್ ಅನ್ನೋದೂ ಹೋಗಿಲ್ಲ. ವೈರು ಎಲ್ಲೋ ಅದಲು ಬದಲಾಗಿದೆ ಅನ್ಸತ್ತೆ, ಒಂದ್ಸಲ ಬಿಚ್ಚಿ ನೋಡ್ತೀಯಾ?"

ನೋಡಬಹುದಿತ್ತು. ಆರು ಸ್ಕ್ರೂ. ಆದರೆ ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತಲ್ಲ! "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಅಂದಿದ್ದಳು, ಅಂಗಡಿಯಲ್ಲಿ ನಾಲ್ಕು ಜನ ಇರುವಾಗಲೇ. "ವೈರು ಸರಿಯಾಗಿದೆ. ನಿನ್ನ ಬೆರಳಲ್ಲಿ ಕಸುವಿಲ್ಲ. ಹೋಗಿ ಅಭ್ಯಾಸ ಮಾಡು." ನಾಲ್ಕೂ ಜನ ನಕ್ಕಿದ್ದರು. ಅವನೂ ನಕ್ಕಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮನೆ ಹುಡುಗನ ಕಿವಿಗೂ ಅದೇ ಗತಿ. ನೆಲ ನಿಜವಾಗಿ ಡೊಂಕಿತ್ತು, ಡೊಂಕು ಮಾಡಿದವಳು ಇವಳು, ಕುಣಿಯಲಾರದವನು ಅನ್ನಿಸಿಕೊಂಡವನು ಅವನು.

ಆಮೇಲೆ ಅವನು ಅಭ್ಯಾಸ ಮಾಡಿದ. ಮಾಡು ಅಂದದ್ದಕ್ಕೆ ದಿನಕ್ಕೆ ನಾಲ್ಕು ಗಂಟೆ, ಐದು ಗಂಟೆ ಮಾಡಿದ. ದಪ್ಪ ತಂತಿ ಹಾಕಿಸಿದ. ಬೆರಳ ತುದಿ ಸೀಳಿದರೆ ಅಂಟು ಹಚ್ಚಿ ಮತ್ತೆ ಕೂತ. ದೊಡ್ಡ ಆರ್ಕೆಸ್ಟ್ರಾದವರು ಆಯ್ಕೆಗೆ ಕರೆದಾಗ ಹೋಗಿ, ಬರಿಗೈಯಲ್ಲಿ ಬಂದು, "ಧ್ವನಿ ತೆಳು ಅಂದ್ರು ಅಕ್ಕಾ" ಅಂದ. ಅಕ್ಕ ಏನಂದಳು? "ನಾನು ಆವತ್ತೇ ಹೇಳ್ಲಿಲ್ವಾ?" ಅಂದಳು.

"ಏನಾಯ್ತು ಅಕ್ಕಾ?" ಲಂಬು ಸ್ಟೂಲಿನಿಂದ ಕೇಳಿದ.

"ಏನಿಲ್ಲ." ಬಾಯಿ ತಾನಾಗಿ ಹೇಳಿಬಿಟ್ಟಿತು. "ಕಾಗದ ಸರಿಯಾಗೇ ಇದೆ."

ಬೆಸುಗೆಯ ಐರನ್ ಕಾಯುವವರೆಗೆ ಅವಳು ಕೈಕಟ್ಟಿ ನಿಂತಳು. ಹಳೇ ಪಿಕಪ್ಪು ಹೇಗೂ ಸತ್ತಿದೆ. ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದರೆ ಮುಗಿಯಿತು, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಅಕ್ಕನ ಕೈ ಅಂದರೆ ಕೈ ಅಂತ ಊರು ಹೇಳುವುದು ಹಾಗೇ ಇರುತ್ತದೆ. ತಮ್ಮನ ಬೆರಳಲ್ಲಿ ಕಸುವಿರಲಿಲ್ಲ ಅನ್ನುವುದೂ ಹಾಗೇ ಇರುತ್ತದೆ.

ಹಳೆಯದನ್ನು ಬಿಚ್ಚಿದಳು. ಹೊಸದರ ಕೆಂಪು ವೈರನ್ನು ವಾಲ್ಯೂಮಿಗೆ ಬೆಸೆದಳು. ಕಪ್ಪು ಬಿಳಿ ಸೇರಿಸಿ ಹಳದಿ ಸ್ಲೀವು ಏರಿಸಿದಳು. ಹಸಿರನ್ನೂ ಹೊದಿಕೆಯಿಲ್ಲದ ವೈರನ್ನೂ ಅರ್ತಿಂಗಿಗೆ ಕೊಟ್ಟಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಹನಿ ಸೀಸ ಮರದ ಮೇಲೆ ಬಿತ್ತು. ಅವಳು ಉಗುರಲ್ಲಿ ಕೆರೆದು ತೆಗೆದಳು.

"ನುಡಿಸು," ಅಂದಳು.

ಲಂಬು ಆಂಪಿಗೆ ಸಿಕ್ಕಿಸಿದ. ಮೊದಲು ಕೇಳಿಸಿದ್ದು ಏನೂ ಇಲ್ಲದಿರುವುದು. ಗುಂಯ್ ಅನ್ನುವ ಆ ಸದ್ದು ಇರಲಿಲ್ಲ. ಆಮೇಲೆ ಅವನು ತಂತಿಗಳ ಮೇಲೆ ಕೈ ಎಳೆದ. ಹೊಟ್ಟೆಯಾಳದಿಂದ ಬಂದ ಹಾಗೆ ತುಂಬಿದ ಧ್ವನಿ, ಕಪಾಟಿನ ಗಾಜು ಅದುರಿತು. ಲಂಬು ಬಾಸ್ ನುಡಿಸುವವನು, ಈ ತೆಳು ತಂತಿಗಳಲ್ಲಿ ಅವನ ಕೈ ಎಡವುತ್ತಿತ್ತು. ಇವನ ಮೊಂಡು ಬೆರಳಿಗೇ ಇಷ್ಟು ಧ್ವನಿ ಬರುವುದಾದರೆ ನಾಲ್ಕು ವರ್ಷ ರಕ್ತ ಬರುವ ತನಕ ಮೀಟಿದ ಬೆರಳಿಗೆ ಏನು ಬರುತ್ತಿತ್ತು? ಅಕ್ಕ ಆಂಪಿನ ಸ್ವಿಚ್ಚು ಆರಿಸಿಬಿಟ್ಟಳು.

"ಲಂಬೂ, ಕೇಳಿಲ್ಲಿ," ಅಂದಳು. "ಅವನ ಬೆರಳು ಸರಿಯಾಗಿತ್ತು. ನಾನು ವೈರು ತಪ್ಪು ಹಾಕಿದ್ದೆ. ಕೆಂಪಿರ್ಬೇಕಾದ ಕಡೆ ಕಪ್ಪು. ಒಂದು ಕಾಯಿಲು ಇನ್ನೊಂದರ ಧ್ವನಿ ತಿಂದುಹಾಕ್ತಿತ್ತು. ಭಾನುವಾರ ಎಲ್ಲರ ಮುಂದೆ ಇದನ್ನ ಹೇಳು. ಬೇಡ, ನಾನೇ ಬಂದು ಹೇಳ್ತೀನಿ. ಆ ಆರ್ಕೆಸ್ಟ್ರಾದವರ ಹತ್ರಾನೂ ಹೋಗ್ತೀನಿ."

ಹೈಕೋರ್ಟು ತನ್ನ ತೀರ್ಪನ್ನು ತಾನೇ ತಿದ್ದಿದ್ದು ಅದೇ ಮೊದಲು. ಲಂಬು ಆಶ್ಚರ್ಯಪಡುತ್ತಾನೆ ಅಂದುಕೊಂಡಿದ್ದಳು. ಅವನು ತಲೆ ತಗ್ಗಿಸಿಕೊಂಡು ಗಿಟಾರಿನ ಬಿರಡೆ ತಿರುಗಿಸುತ್ತ ಕೂತಿದ್ದ.

"ಅವನಿಗೆ ಗೊತ್ತಿತ್ತು ಅಕ್ಕಾ."

"ಏನು ಗೊತ್ತಿತ್ತು?"

"ಹೋದ ವರ್ಷ ಪರ ಊರಲ್ಲಿ ಕಾರ್ಯಕ್ರಮ ಇತ್ತಲ್ಲ, ಅಲ್ಲಿನ ರಿಪೇರಿಯವನು ಬಿಚ್ಚಿ ನೋಡ್ದ. ಎರಡು ವೈರು ಅದಲು ಬದಲಾಗಿದೆ, ಹತ್ತು ನಿಮಿಷ ಕೊಡು ಸರಿ ಮಾಡ್ತೀನಿ ಅಂದ. ಇವನು ಮುಟ್ಟೋಕೆ ಬಿಡ್ಲಿಲ್ಲ. ಮುಚ್ಚಳ ತಾನೇ ಹಾಕ್ಕೊಂಡ. 'ಇದು ನಮ್ಮಕ್ಕ ಮಾಡಿದ್ದು, ನಮ್ಮಕ್ಕನೇ ಬಿಚ್ಬೇಕು. ಅವಳ ಕೆಲಸಾನ ಇನ್ನೊಬ್ಬರು ತಿದ್ದಿದ್ರು ಅಂತ ಊರಿಗೆ ಗೊತ್ತಾದ್ರೆ ಅವಳು ತಡ್ಕೊಳಲ್ಲ' ಅಂದ. ನಾನು ಬೈದೆ ಅಕ್ಕಾ, ಹುಚ್ಚಾ ನಿಂಗೆ ಅಂತ. ವಾಪಸ್ಸು ಬಂದ ಮಾರನೇ ದಿನವೇ ನಿಮ್ಮ ಹತ್ರ ಬಂದಿದ್ದ. ನಾನು ಹೊರಗೆ ಗಾಡೀಲಿ ಕಾಯ್ತಿದ್ದೆ."

ಅಕ್ಕನಿಗೆ ಆ ದಿನ ನೆನಪಾಯಿತು. ಗಿಟಾರಿನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳು ಯಾವುದೋ ಸ್ಪೀಕರಿನೊಳಗೆ ಮುಖ ಇಟ್ಟುಕೊಂಡಿದ್ದವಳು ತಲೆ ಕೂಡ ಎತ್ತದೆ, "ಬೆರಳಿನ ಪುರಾಣ ಆದ್ರೆ ಇವತ್ತು ಬೇಡಪ್ಪ" ಅಂದಿದ್ದಳು. "ಅದಲ್ಲ ಬಿಡು. ಟೀ ಕುಡಿಯೋಣ ಅಂತ ಬಂದೆ" ಅಂದಿದ್ದ. ಇಬ್ಬರೂ ಟೀ ಕುಡಿದಿದ್ದರು. ಚೀಲವನ್ನು ಕೆಳಗೆ ಇಳಿಸಿಯೂ ಇರಲಿಲ್ಲ.

"ಹತ್ತು ನಿಮಿಷದ ಕೆಲಸ," ಅಕ್ಕ ಅಂದಳು. "ಬರೀ ಹತ್ತು ನಿಮಿಷ ಕಣೋ. ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅವನು? ಒಂದೇ ಒಂದು ಮಾತು?"

ಲಂಬು ಅವಳ ಮುಖ ನೋಡಿದ. ನೋಯಿಸುವ ಉದ್ದೇಶ ಅವನಿಗಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ.

"ಹೇಳಿದ್ನಲ್ಲಾ ಅಕ್ಕಾ. ಎಲ್ಲರಿಗಿಂತ ಮೊದಲು ನಿಮಗೇ ತಾನೇ ಹೇಳಿದ್ದು."

ಹೌದು, ನಾಲ್ಕು ವರ್ಷದ ಹಿಂದೆ ಆ ಸಂಜೆಯೇ ಹೇಳಿದ್ದ. ಅಕ್ಕ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಅಂಗಡಿಯ ಬಾಗಿಲು ಹಾರು ಹೊಡೆದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವಳು ಯಾರಿಂದಲೂ ಮುಖ ಮರೆಮಾಡದೆ ಅತ್ತಳು.