ಎಲೆ ಬಿಟ್ಟ ನೀರಿನ ತೂಕ

ಚಿತ್ತಾಪುರದ ಹೊರಗಿನ ಸರಕಾರಿ ಪ್ರಯೋಗದ ಹೊಲದಲ್ಲಿ ಪ್ರಾಣೇಶರಾಯರು ಆ ಬೇಸಿಗೆಯೆಲ್ಲ ಗಿಡಗಳನ್ನು ತೂಗಿದರು. ಹನ್ನೆರಡು ಕುಂಡ, ಒಂದೊಂದರಲ್ಲೂ ಒಂದು ತೊಗರಿ ಗಿಡ. ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ಮೇಣದ ಬಟ್ಟೆ ಬಿಗಿದಿದ್ದರು; ನೀರು ಹಾಕಲು ಒಂದು ನಳಿಗೆ, ಅದಕ್ಕೊಂದು ಬಿರಡೆ. ನೀರು ಹೋಗುವುದಾದರೆ ಎಲೆಯಿಂದಲೇ ಹೋಗಬೇಕು. ತಾಸಿಗೊಮ್ಮೆ ತೂಗಿದರೆ ಎಲೆ ಎಷ್ಟು ಬೇಗ ನೀರು ಬಿಡುತ್ತದೆಂದು ತಿಳಿಯುತ್ತಿತ್ತು. ನೀರಿಲ್ಲದೆ ಗಿಡ ಎಷ್ಟು ತಾಳುತ್ತದೆಂದು ನೋಡಲು ನಾಲ್ಕು ಕುಂಡಗಳಿಗೆ ಮಾತ್ರ ನೀರು ಕೊಡಬಾರದೆಂದು ಹೈದರಾಬಾದಿನ ಮೇಲಧಿಕಾರಿ ಬಂದೇಅಲಿ ಸಾಹೇಬರ ಹುಕುಂ ಇತ್ತು.

ಕುಂಡ ಎತ್ತಿಡುವವಳು ಸಾಬಮ್ಮ, ಕಾಗಿಣಾ ಹೊಳೆಯ ದಂಡೆಯ ಹೆಂಗಸು.

ಕೆಲವು ದಿನಗಳಲ್ಲಿ ಆ ನಾಲ್ಕು ಕುಂಡಗಳ ತೂಕ ಇಳಿಯುವುದು ನಿಂತಿತು. ಒಂದು ದಿನ ತುಸು ಏರಿಯೂ ಇತ್ತು. ರಾಯರು ತಕ್ಕಡಿ ಬಿಚ್ಚಿ ಒರೆಸಿದರು, ತೂಕದ ಕಲ್ಲುಗಳನ್ನು ಶಹಾಬಾದಿಗೆ ಒಯ್ದು ತಾಳೆ ನೋಡಿದರು. ಎಲ್ಲ ಸರಿಯಿತ್ತು. ಕೊನೆಗೆ ತಮ್ಮ ಕಣ್ಣೇ ಹೋಗಿದೆ ಅಂದುಕೊಂಡರು. ಬಿಸಿಲಿನಲ್ಲಿ ತಕ್ಕಡಿಯ ಮುಳ್ಳು ನೋಡಿ ನೋಡಿ ಸಾಕಾಗಿತ್ತು. ಇನ್ನು ತನ್ನಿಂದಾಗದು ಎಂದು ಹೆಂಡತಿ ಭಾಮಾಬಾಯಿಗೆ ಹೇಳಿ, ಕೆಲಸ ಬಿಡುವ ಅರ್ಜಿಯನ್ನು ಉರ್ದುವಿನಲ್ಲಿ ಬರೆದರು.

ಅರ್ಜಿ ಟಪಾಲಿಗೆ ಹಾಕಲು ಹೊರಟಾಗ ಸಾಬಮ್ಮ ಏನೆಂದು ಕೇಳಿದಳು. ಹೇಳಿದರು. ಅವಳು ಎತ್ತಿದ್ದ ಕುಂಡ ಕೆಳಗಿಟ್ಟಳು.

“ನಿಮ್ಮ ಕಣ್ಣು ಚಲೋ ಅವರಿ, ರಾಯರ. ನೀವು ಊಟಕ್ಕ ಹೋದಾಗ ನಾನೇ ನೀರು ಹಾಕಾಕತ್ತಿದ್ದೆ. ಎಲಿ ಜೋತುಬಿದ್ದದ್ದು ನೋಡಿಕೋತ ಕುಂದ್ರಾಕ ಆಗಲಿಲ್ಲ.”

ಸಿಟ್ಟಾಗಲು ರಾಯರಲ್ಲಿ ತ್ರಾಣವಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಅರ್ಜಿ ಹರಿದರು, ಅಷ್ಟೂ ದಿನದ ತೂಕಗಳ ಮೇಲೆ ಗೀಟೆಳೆದರು. ಸಾಹೇಬರಿಗೆ ಬೇರೆ ಕಾಗದ ಬರೆದರು: ಮಧ್ಯಾಹ್ನ ಕುಂಡಗಳನ್ನು ಕಾಯದೆ ಬಿಟ್ಟದ್ದು ತನ್ನ ತಪ್ಪು, ಅಂಕಿಗಳು ಕೆಟ್ಟಿವೆ. ಸಾಬಮ್ಮನ ಹೆಸರು ಬರೆಯಲಿಲ್ಲ.

ಉತ್ತರ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಬರುವ ಬೇಸಿಗೆ ಮೊದಲಿನಿಂದ ತೂಗಬೇಕು, ಬಡ್ತಿಯ ಮಾತು ಅಲ್ಲಿಯವರೆಗೆ ಬೇಡ ಎಂದಿತ್ತು.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ತೂಗಿದರು. ರಾಯರು ಊಟವನ್ನು ಹೊಲಕ್ಕೇ ತಂದುಕೊಂಡರು. ಸಾಬಮ್ಮ ನೀರಿಲ್ಲದ ಸಾಲಿಗೆ ಬೆನ್ನು ಮಾಡಿ ಕುಳಿತಳು. ಇಪ್ಪತ್ತನೆಯ ದಿನಕ್ಕೆ ನಾಲ್ಕೂ ಗಿಡ ಒಣಗಿದವು. ಅಲ್ಲಿಯವರೆಗಿನ ತೂಕ ಒಂದೂ ತಪ್ಪದೆ ಹೈದರಾಬಾದಿಗೆ ಹೋಯಿತು.

“ಉಳಿದ ಎಂಟಕ್ಕ ನೀರು ಹಾಕಲ್ಯಾ?” ಎಂದು ಸಾಬಮ್ಮ ಕೇಳಿದಳು.

“ಹಾಕು. ಎಷ್ಟು ಬೇಕೋ ಅಷ್ಟು ಹಾಕು,” ಎಂದರು ರಾಯರು. “ಇನ್ನ ತೂಗೂದಿಲ್ಲ.”