ದಾರ ಕಚ್ಚುವ ಹಲ್ಲು

೧

ಎಲ್ಲಿಂದ ಶುರು ಮಾಡಲಿ? ಹೃದಯದಿಂದ ಎಂದರೆ ಪ್ರೇಮಕಥೆ ಅಂದುಕೊಂಡು ಕಾಲು ಚಾಚಿ ಕೂರುತ್ತೀರಿ. ಹಲ್ಲಿನಿಂದ ಎಂದರೆ ಪುಟ ಮಗುಚುತ್ತೀರಿ. ಏನು ಮಾಡಲಿ, ಇದು ಹಲ್ಲಿನಿಂದಲೇ ಶುರುವಾದದ್ದು. (ಮೊದಲ ಡ್ರಾಫ್ಟು ಅಪ್ಪನ ಸಾವಿನಿಂದ ಶುರುವಾಗಿತ್ತು. ಹರಿದು ಹಾಕಿದೆ. ಬಾಗಿಲಲ್ಲೇ ನಿಲ್ಲಿಸಿ ನಿಮ್ಮನ್ನು ಅಳಿಸುವುದು ಮರ್ಯಾದೆಯಲ್ಲ.)

೨

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಅಪ್ಪನಿಂದ ಅವಳಿಗೆ ಬಂದದ್ದು ಹೊಲಿಗೆ ಮೆಷಿನ್ನು ಮತ್ತು ದಪ್ಪಗಾದ ಹೃದಯದ ಸ್ನಾಯು. ಸ್ನಾಯುವಿನ ಕಾಯಿಲೆ ಅವಳ ಮಗಳಿಗೂ ಇಳಿದಿದೆ. ನನ್ನನ್ನೂ ಪರೀಕ್ಷೆ ಮಾಡಿದರು, ನನಗೇನೂ ಇಲ್ಲ. ಆ ರಿಪೋರ್ಟು ಬಂದ ದಿನ ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ.

ನಮ್ಮ ಮನೆಯಲ್ಲಿ ಹೃದಯವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಮೆಟ್ಟಿಲು ಓಡಿ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಹಲ್ಲಿನ ಡಾಕ್ಟರ ಕಡೆಗಂತೂ ತಲೆ ಹಾಕುವಂತಿಲ್ಲ. ಆ ಸೂಜಿ, ಆ ಡ್ರಿಲ್ಲಿನ ಸದ್ದಿಗೆ ಎದೆಯೇ ನಿಂತುಹೋದರೆ? ಇದು ಅಪ್ಪ ಮಾಡಿದ ಕಾನೂನು. ಅಪ್ಪ ಸತ್ತದ್ದು ರಸ್ತೆ ದಾಟುವಾಗ, ಎದೆ ಹಿಡಿದುಕೊಂಡು. ಕಾನೂನು ಮಾತ್ರ ಉಳಿಯಿತು.

೩

ಮಡಿಲಲ್ಲೇ ಕತ್ತರಿ ಇದ್ದರೂ ಅಕ್ಕ ದಾರವನ್ನು ಎಡಗಡೆಯ ಹಲ್ಲಿನಿಂದ ಕಚ್ಚಿ ತುಂಡು ಮಾಡುವವಳು. ಒಂದು ದಿನ ಕತ್ತರಿ ಎತ್ತಿಕೊಂಡಳು.

"ಏನಾಯ್ತಕ್ಕ?"

"ಹಲ್ಲು ಜುಮ್ಮಂತಿದೆ ಕಣೋ. ಉಪ್ಪುನೀರು ಮುಕ್ಕಳಿಸಿದ್ರೆ ಹೋಗತ್ತೆ."

ಹೋಗಲಿಲ್ಲ. ವಸಡು ಬಾತುಕೊಂಡಿತು. ಆಮೇಲೆ ಸಂಜೆಯಾದರೆ ಜ್ವರ. ಯಾವಾಗಲೋ ಉಳಿದಿದ್ದ ಆಂಟಿಬಯೋಟಿಕ್ ನುಂಗಿದಳು. ಜ್ವರ ಬಿಟ್ಟು ಮತ್ತೆ ಬಂತು. ಕೊನೆಗೆ ಏದುಸಿರು, ಆಸ್ಪತ್ರೆ.

"ವಸಡಿನಿಂದ ರೋಗಾಣು ರಕ್ತಕ್ಕೆ ಇಳಿದು ಹೃದಯದ ಕವಾಟದ ಮೇಲೆ ಕೂತಿರೋ ಹಾಗಿದೆ," ಎಂದರು ಹೃದಯದ ಡಾಕ್ಟರಮ್ಮ. "ಇಂಥ ಹೃದಯ ಇರೋ ಎಲ್ರಿಗೂ ಹೀಗಾಗಲ್ಲ, ಅಪರೂಪ. ಆದಾಗ ಮಾತ್ರ ಜೀವಕ್ಕೇ ಬರತ್ತೆ. ನಾವು ರಕ್ತ ತೆಗೆಯೋಕೆ ಮುಂಚೆ ಮಾತ್ರೆ ಏನಾದ್ರೂ ತಗೊಂಡಿದ್ರಾ?"

ಅಕ್ಕ ಹೌದೆಂದಳು.

"ಅದೇ ತೊಂದ್ರೆ. ಮಾತ್ರೆ ತಗೊಂಡ್ಮೇಲೆ ರಕ್ತದಲ್ಲಿ ರೋಗಾಣು ಸುಲಭಕ್ಕೆ ಸಿಗಲ್ಲ, ಯಾವುದು ಅಂತ ಗೊತ್ತಾಗೋದು ಕಷ್ಟ. ಗೊತ್ತಾಗೋವರೆಗೂ ಅಂದಾಜಿನ ಮೇಲೆ ಔಷಧಿ."

ನಾನು ಅಪ್ಪನ ಕಾನೂನು ಹೇಳಿದೆ.

"ಉಲ್ಟಾ ಮಾಡಿದೀರಿ. ಇಂಥವರೇ ಹಲ್ಲನ್ನ ಚೆನ್ನಾಗಿ ನೋಡ್ಕೋಬೇಕು. ಹಲ್ಲಿನ ಡಾಕ್ಟರಿಗೆ ಹೃದಯದ ವಿಷಯ ಮೊದಲೇ ಹೇಳಿದ್ರೆ ಆಯ್ತು."

ಅಷ್ಟು ವರ್ಷ ನಾವು ಮುಂಬಾಗಿಲು ಕಾದಿದ್ದೆವು, ರೋಗ ಹಿತ್ತಿಲ ಬಾಗಿಲಿನಿಂದ ಬಂದಿತ್ತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಎಷ್ಟು ಬರಬಹುದೋ ಅಷ್ಟು.

೪

ಅಂತ್ಯ ಒಂದು: ಅಕ್ಕ ಮನೆಗೆ ಬರುತ್ತಾಳೆ, ಮೆಷಿನ್ನಿನ ಧೂಳು ಒರೆಸುತ್ತಾಳೆ. (ಬರೆಯುವಾಗ ಕೈ ಸಲೀಸಾಗಿ ಓಡಿತು. ಅದಕ್ಕೇ ಅನುಮಾನ.)

ಅಂತ್ಯ ಎರಡು: ಬರೆದಿದ್ದೇನೆ. ತೋರಿಸುವುದಿಲ್ಲ.

ಡ್ರಿಪ್ಪಿನ ಪಕ್ಕ ಕೂತು ಅಕ್ಕನಿಗೆ ಮೊದಲನೆಯದನ್ನು ಓದಿದೆ.

"ಇನ್ನೊಂದು?"

"ಅದು ಚೆನ್ನಾಗಿ ಬಂದಿಲ್ಲ."

"ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ, ಕಥೆ ಬರೀತಾನಂತೆ. ಇದರಲ್ಲಿ ನನ್ನ ಮಗಳೆಲ್ಲಿ?"

"ಅವಳದ್ದು ಚಿಕ್ಕ ಪಾತ್ರ."

"ಅವಳು ಎಡಗಡೆ ಅಗಿಯೋದು ಬಿಟ್ಟಿದಾಳೆ. ನೋಡ್ತಾನೇ ಇದೀನಿ. ನನ್ನ ಕಥೆ ಆಮೇಲೆ ಬರ್ಕೋ, ಮೊದಲು ಅವಳನ್ನ ಕರ್ಕೊಂಡು ಹೋಗು."

ಲೇಖಕ ನಾನು. ಕಥೆ ಯಾರ ಕಡೆ ತಿರುಗಬೇಕೆಂದು ಗೊತ್ತಿದ್ದದ್ದು ಅವಳಿಗೆ.

೫

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅಕ್ಕನ ಮಗಳು. ಹೃದಯದ ವಿಷಯವನ್ನು ಒಳಗೆ ಕಾಲಿಟ್ಟ ಕೂಡಲೇ ಹೇಳಿದ್ದಾಳೆ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಾಳೆ.

"ಮಾವ, ಕಥೆಯಲ್ಲಿ ಅಮ್ಮಂಗೆ ಏನಾಗತ್ತೆ?"

"ಇನ್ನೂ ಗೊತ್ತಿಲ್ಲ."

"ಹಂಗಾದ್ರೆ ಬರೀಬೇಡ."

ಡಾಕ್ಟರು ದೀಪ ಹತ್ತಿರ ಎಳೆದುಕೊಂಡರು. "ಬಾಯಿ ತೆಗಿಯಮ್ಮ. ನೋವಾದ್ರೆ ಕೈ ಎತ್ತು, ನಿಲ್ಲಿಸ್ತೀನಿ."

ತೆಗೆದಳು. ನಮ್ಮ ಮನೆಯಲ್ಲಿ ಯಾರೂ ಹೀಗೆ ಬಾಯಿ ತೆರೆದವರಲ್ಲ. ಅವಳ ನಾಡಿ ನನ್ನ ಬೆರಳಿನಡಿ ಓಡುತ್ತಿದೆ, ಓಡುತ್ತಲೇ ಇದೆ.

ಜೇಬಿನಲ್ಲಿ ಫೋನು ಅದುರುತ್ತಿದೆ. ಆಸ್ಪತ್ರೆಯದ್ದೇ ಇರಬೇಕು. ತೆಗೆಯಬೇಕಾದರೆ ಈ ಕೈ ಬಿಡಿಸಿಕೊಳ್ಳಬೇಕು. ನಿಮಗೆ ಅಂತ್ಯ ಬೇಕು, ಗೊತ್ತು, ನನಗೂ ಬೇಕು. ನಾನು ಕೈ ಬಿಡಿಸಿಕೊಳ್ಳುತ್ತಿಲ್ಲ.