ಕೂತಲ್ಲಿಗೆ ಬಂದ ಪೂರಿ

"ಇವತ್ತು ನನ್ನಿಂದ ಆಗುದಿಲ್ಲ" ಎಂದು ವಸಂತಿ ಕುಕ್ಕರನ್ನು ಕಟ್ಟೆಯ ಮೇಲೆಯೇ ಬಿಟ್ಟು ಸ್ಟೂಲಿನಲ್ಲಿ ಕೂತರು. ಬಲಭುಜದ ನೋವು ಮೊಣಕೈವರೆಗೆ ಇಳಿದಿತ್ತು. ಅರ್ಧ ಹೆಚ್ಚಿದ ಮಂಗಳೂರು ಸೌತೆ ಹಲಗೆಯ ಮೇಲೆ ನೀರು ಬಿಡುತ್ತಿತ್ತು. ಕಿಟಕಿಯಾಚೆ ಡೊಂಬಿವಲಿಯ ರವಿವಾರದ ಸಂಜೆ. ಎದುರು ಬಿಲ್ಡಿಂಗಿನ ಅಡಿಗೆಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು.

ಗಂಡ ಮಧ್ವರಾಜರು ಬಾಗಿಲಲ್ಲಿ ಬಂದು ನಿಂತರು. ಗಂಜಿಯಾದರೂ ಸಾಕು, ತಾನೇ ಮಾಡುತ್ತೇನೆ ಎಂದರು. ಹೋದ ಮಳೆಗಾಲದಲ್ಲಿ ತಮಗೆ ಜ್ವರ ಬಂದಾಗ ಗಂಡ ಮಾಡಿದ ಸಾರು ವಸಂತಿಗೆ ನೆನಪಾಯಿತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ತಮ್ಮ ಹೋಟೆಲಿನಲ್ಲಿ ಆಯುಷ್ಯವೆಲ್ಲ ಕೊಪ್ಪರಿಗೆಗೆ ಪುಡಿ ಸುರಿದ ಕೈಗೆ ಇಬ್ಬರ ಅಳತೆ ಗೊತ್ತಿರಲಿಲ್ಲ. ಖಾರ ಹೆಚ್ಚಾಯಿತೆಂದು ನೀರು, ನೀರಾಯಿತೆಂದು ಬೇಳೆ. ಮನೆಯಲ್ಲಿದ್ದ ದೊಡ್ಡ ಪಾತ್ರೆಗಳೆಲ್ಲ ತುಂಬಿದ್ದವು. ಮಹಡಿಯವರಿಗೆಲ್ಲ ಹಂಚಿದ ಮೇಲೂ ಅದನ್ನೇ ಕುದಿಸಿ ಕುದಿಸಿ ಉಂಡಿದ್ದಾಯಿತು. ಆ ಪಾತ್ರೆಗಳನ್ನು ತಿಕ್ಕಿದ್ದು ಜ್ವರದ ಕೈಯೇ.

ವಾಶಿಯಲ್ಲಿರುವ ಮಗಳು ನಿಶಾ ಡಬ್ಬಾ ಹಚ್ಚಿಕೊಳ್ಳಿ ಎಂದು ಫೋನಿನಲ್ಲಿ ಹೇಳಿ ಹೇಳಿ ಸೋತಿದ್ದಳು. ಹಿಂದಿನ ಗಲ್ಲಿಯ ರಮಿತಾ ದುಡ್ಡು ಕೊಟ್ಟವರ ಮನೆಗೆ ಎರಡು ಹೊತ್ತೂ ಊಟದ ಡಬ್ಬಾ ಕಳಿಸುತ್ತಿದ್ದಳು. ಭುಜ ಎತ್ತಬೇಡಿ ಎಂದು ಡಾಕ್ಟರೂ ಹೇಳಿಯಾಗಿತ್ತು. ಮಧ್ವರಾಜರು ಮಾತ್ರ ಬಗ್ಗಿರಲಿಲ್ಲ. ಹೊರಗಿನ ಊಟದ ಹಣೆಬರಹ ತನಗೆ ಗೊತ್ತಿಲ್ಲವೇ, ಪಾರ್ಸೆಲ್ ಸಾಂಬಾರಿಗೆ ನೀರು ಹೊಯ್ಯಿಸಿದವ ತಾನೇ ಅಲ್ಲವೇ ಎನ್ನುತ್ತಿದ್ದರು. ದಿನವಿಡೀ ಹೋಟೆಲಿನ ಹಬೆಯಲ್ಲಿ ನಿಂತು, ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನು ಮಾತ್ರ ಊಟವೆಂದು ಎಣಿಸಿದವರು ಅವರು. ಹೋಟೆಲು ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಒಂದು ಊಟ ಮೂರಾಗಿತ್ತು.

ವಸಂತಿ ಎದ್ದು ಒಳಗೆ ಹೋದರು. ಬರುವಾಗ ಸೀರೆ ಬದಲಾಗಿತ್ತು.

"ಬರುದಾದ್ರೆ ಬನ್ನಿ. ನಾನು ಹೊರಗೆ ತಿಂದು ಬರ್ತೇನೆ."

ಸ್ಟೇಶನ್ ಹತ್ತಿರದ ಹೋಟೆಲು ತುಂಬಿತ್ತು. ಬಹಳ ಹೊತ್ತು ಬಾಗಿಲಲ್ಲಿ ನಿಂತ ಮೇಲೆ ಗೋಡೆಯ ಪಕ್ಕದ ಟೇಬಲ್ ಸಿಕ್ಕಿತು. ಮಧ್ವರಾಜರು ಟೇಬಲಿನ ಮೇಲೆ ಬೆರಳು ಎಳೆದು ನೋಡಿದರು. ವೇಟರ್ ನಾಲ್ಕು ಲೋಟಗಳನ್ನು ಒಳಗೆ ಬೆರಳಿಟ್ಟೇ ಎತ್ತಿ ತಂದದ್ದನ್ನೂ ನೋಡಿದರು. ಹಬೆಯಲ್ಲಿ ಬೆಂದದ್ದಕ್ಕೆ ಮೋಸವಿಲ್ಲವೆಂದು ತಮಗೆ ಇಡ್ಲಿ ಹೇಳಿದರು. ವಸಂತಿ ಮೆನು ಕಾರ್ಡು ಮುಟ್ಟಲೇ ಇಲ್ಲ. ಪೂರಿ ಎಂದರು.

"ಪೂರಿಯಾ? ಆ ಎಣ್ಣೆ ಎಷ್ಟು ಸಲ ಕಾದದ್ದೋ ಎಂತದೋ."

"ಕಾಯ್ಲಿ. ಪೂರಿ ಉಬ್ಬಿದ್ದು ನಾನು ಬಾಣಲೆಯಲ್ಲಿ ಮಾತ್ರ ನೋಡಿದ್ದು. ನಾನು ತಿನ್ಲಿಕ್ಕೆ ಕೂರುವಾಗ ಎಲ್ಲ ಚಪ್ಪಟೆ."

ಇಡ್ಲಿ ಮೊದಲು ಬಂತು. ಮಧ್ವರಾಜರು ಹೋಟೆಲಿನವರು ತಿನ್ನುವಂತೆ ತಿಂದರು, ತಲೆ ಎತ್ತದೆ, ಗಿರಾಕಿಗಳ ಕಣ್ಣಿಗೆ ಬೀಳಬಾರದೆಂಬಂತೆ. ಅಷ್ಟರಲ್ಲಿ ಒಂದು ಸಂಸಾರ ಬಂದು ವಸಂತಿಯ ಕುರ್ಚಿಯ ಹಿಂದೆಯೇ ನಿಂತಿತು. ಅದರಲ್ಲಿದ್ದ ಹೆಂಗಸು ಕೈಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದಳು. ಮಧ್ವರಾಜರ ಕಾಲು ಟೇಬಲಿನಡಿ ಅಲುಗತೊಡಗಿತು. ಪೂರಿಯ ತಟ್ಟೆ ಬಂದು ಕೂತ ಗಳಿಗೆಯಲ್ಲೇ ಅವರು ತಮ್ಮ ಎಂಜಲು ತಟ್ಟೆ ಎತ್ತಿಕೊಂಡು ನಿಂತುಬಿಟ್ಟರು.

ವೇಟರ್ ನಕ್ಕು, ತಟ್ಟೆ ಅಲ್ಲೇ ಬಿಡಿ ಎಂದು ಕೈ ಮಾಡಿದ. "ಅಂಕಲ್, ಪ್ಲೇಟ್ ರೆಹನೇ ದೋ."

"ಏಳು ಮಾರಾಯ್ತಿ" ಎಂದರು ಅವರು ತಗ್ಗಿದ ದನಿಯಲ್ಲಿ. "ಜನ ನಿಂತಿದ್ದಾರೆ. ಪೂರಿ ಪಾರ್ಸೆಲ್ ಮಾಡಿಸುವ."

ವಸಂತಿ ಏಳಲಿಲ್ಲ. ಒಂದು ಕಾಲಕ್ಕೆ ತಮ್ಮದೇ ಹೋಟೆಲಿಗೆ ಹೋದಾಗಲೆಲ್ಲ ಅವರ ತಟ್ಟೆ ಹಿಂದಿನ ಸ್ಟೋರ್ ರೂಮಿಗೆ ಬರುತ್ತಿತ್ತು. ಮನೆಯವರು ಗಿರಾಕಿಯ ಜಾಗದಲ್ಲಿ ಕೂರುವುದು ಪದ್ಧತಿಯಲ್ಲ. ಮಗುವಾಗಿದ್ದ ನಿಶಾಳನ್ನು ತೊಡೆಯ ಮೇಲಿಟ್ಟುಕೊಂಡು, ಈರುಳ್ಳಿಯ ವಾಸನೆಯಲ್ಲಿ ಅವರು ಬೇಗಬೇಗ ತಿಂದು ಮುಗಿಸುತ್ತಿದ್ದರು.

"ಅಕ್ಕಿ ಮೂಟೆ ಮೇಲೆ ಕೂತು ತಿಂದದ್ದು ಸಾಕು" ಎಂದರು. ದನಿ ಏರಿರಲಿಲ್ಲ. "ಇವತ್ತು ನಾನು ಗಿರಾಕಿ. ನಿಮ್ಗೆ ಅಷ್ಟು ಅರ್ಜೆಂಟಿದ್ರೆ ಹೋಗಿ ಗಲ್ಲಾಪೆಟ್ಟಿಗೆ ಹತ್ರ ಕೂತ್ಕೊಳ್ಳಿ."

ಮಧ್ವರಾಜರು ತಟ್ಟೆ ಹಿಡಿದು ನಿಂತೇ ಇದ್ದರು. ವೇಟರ್ ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಹೋದ. ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡರು. ಹಿಂದೆ ನಿಂತಿದ್ದ ಹೆಂಗಸು ಬೇರೆ ಟೇಬಲಿನ ಕಡೆ ನೋಡತೊಡಗಿದಳು. ಮಧ್ವರಾಜರು ಕೂತರು, ಕುರ್ಚಿಯ ಅಂಚಿನಲ್ಲಿ, ಬಾಗಿಲ ಕಡೆ ಅರ್ಧ ತಿರುಗಿ.

ಹಾಗೇ ಕೂತು ಕೇಳಿದರು: "ಆ ಡಬ್ಬಾದ ರಮಿತಾ ಸಾರಿಗೆ ಬೆಲ್ಲ ಹಾಕ್ತಾಳಂತಾ?"

"ಗೊತ್ತಿಲ್ಲ. ಕೇಳ್ಬೇಕು."

"ಕೇಳು."

ಅವರು ಜಗ್ಗು ಎಳೆದುಕೊಂಡು, ಗೋಡೆಯ ಬದಿಗೆ ಕವುಚಿಟ್ಟಿದ್ದ ಬೇರೊಂದು ಲೋಟಕ್ಕೆ ನೀರು ಹೊಯ್ದರು. ಅಂಚಿಗೆ ಬೆರಳು ತಾಗದಂತೆ ಬುಡದಲ್ಲಿ ಹಿಡಿದು ಅದನ್ನು ಹೆಂಡತಿಯ ಎಡಗೈಯ ಬಳಿ ಇಟ್ಟರು. ವಸಂತಿ ಇನ್ನೂ ಪೂರಿಯನ್ನು ಮುರಿದಿರಲಿಲ್ಲ. ಅದು ತಟ್ಟೆಯಲ್ಲಿ ದುಂಡಗೆ, ಹಾಗೇ ಕೂತಿತ್ತು.